ಲೆಕ್ಕದ ಪುಸ್ತಕ ನೀರುಪಾಲಾದರೆ...

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಒಟ್ಟಿಗೇ ಉಕ್ಕಿ ಬಂದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳು ಜಲಾವೃತವಾದವು. ಗೋಕಾಕ, ರಾಮದುರ್ಗದಂಥ ಪಟ್ಟಣಗಳಲ್ಲಿ ಮನೆಗಳ ಜೊತೆಗೆ ಅಂಗಡಿ ಮುಂಗಟ್ಟುಗಳಿಗೂ ನೀರು ನುಗ್ಗಿತು. ಇಂಥ ನೆರೆ ಇಳಿದ ಮೇಲೆ ಷಟರ್ ಎತ್ತಿದ ವ್ಯಾಪಾರಿಗೆ ಮೊದಲು ಕಾಣುವುದು ಕೆಸರು ಮೆತ್ತಿದ ಸಕ್ಕರೆ ಚೀಲ, ಉಬ್ಬಿಹೋದ ಹಿಟ್ಟಿನ ಪೊಟ್ಟಣ, ಬಣ್ಣ ಬಿಟ್ಟ ಬಟ್ಟೆಯ ತಾನು. ಗಲ್ಲಾ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿದ್ದ ಕಿರ್ದಿ ಪುಸ್ತಕದ ನೆನಪಾಗುವುದು ಎರಡು ಮೂರು ದಿನ ಕಳೆದ ಮೇಲೆ.

ನೆನಪು ಮಾಡಿಕೊಡುವವರು ಬೇರೆಯವರು. ವಿಮೆ ಇದ್ದರೆ ಸರ್ವೇಯರ್ ಬರುತ್ತಾರೆ. ನೆರೆ ಬಂದ ದಿನ ಅಂಗಡಿಯಲ್ಲಿ ಎಷ್ಟು ಸರಕಿತ್ತು ಎನ್ನುವುದಕ್ಕೆ ಅವರು ದಾಸ್ತಾನು ಪುಸ್ತಕ ಕೇಳುತ್ತಾರೆ, ಖರೀದಿಯ ಬಿಲ್ಲು ಕೇಳುತ್ತಾರೆ, ಮಾರಾಟದ ಬಿಲ್ಲು ಕೇಳುತ್ತಾರೆ. ಬ್ಯಾಂಕಿನವರು ಸಾಲದ ಕಂತು ಮುಂದೂಡಲು ಹಿಂದಿನ ವರ್ಷಗಳ ಲೆಕ್ಕಪತ್ರ ಕೇಳುತ್ತಾರೆ. ಹಾಳಾದ ಸರಕಿನ ಮೇಲೆ ಪಡೆದಿದ್ದ ಜಿಎಸ್‌ಟಿ ಜಮೆಯನ್ನು ಹಿಂದಿರುಗಿಸಬೇಕೆಂಬ ನಿಯಮವೂ ಇದೆ. ಅದು ಎಷ್ಟೆಂದು ತಿಳಿಯುವುದಕ್ಕೂ ಬಿಲ್ಲೇ ಬೇಕು. ಇನ್ನು ಉದ್ರಿ ಪುಸ್ತಕ ಹೋಯಿತೆಂದರೆ ಊರಿನ ನೂರಾರು ಮನೆಗಳಿಂದ ಬರಬೇಕಾದ ಹಣವೆಲ್ಲ ಗಿರಾಕಿಗಳ ಒಳ್ಳೆಯತನಕ್ಕೆ ಬಿಟ್ಟದ್ದು. ಕಳೆದುಹೋದದ್ದು ಎಷ್ಟೆಂದು ತೋರಿಸುವ ಸಾಕ್ಷಿಯೇ ಕಳೆದುಹೋದ ವಸ್ತುವಿನ ಜೊತೆಗೆ ತೇಲಿಹೋಗಿರುತ್ತದೆ! ಸಣ್ಣ ವ್ಯಾಪಾರಿ ಎರಡನೆಯ ಸಲ ಮುಳುಗುವುದು ಇಲ್ಲಿ.

ಈ ಸಂಗತಿ ಅಂಗಡಿ ಇಟ್ಟವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹೊಲಿಗೆಯಂತ್ರ ಇಟ್ಟುಕೊಂಡ ತಾಯಿ, ಆಟೋ ಓಡಿಸುವ ತಂದೆ, ಮನೆಪಾಠ ನಡೆಸುವ ಅಕ್ಕ, ಎಲ್ಲರದೂ ಒಂದು ಸಣ್ಣ ಉದ್ಯಮವೇ. ಅವರ ಕಾಗದಪತ್ರಗಳನ್ನು ಉಳಿಸುವ ಕೆಲಸವನ್ನು ಹೈಸ್ಕೂಲಿನ ಹುಡುಗ ಹುಡುಗಿಯರು ಚೆನ್ನಾಗಿಯೇ ಮಾಡಬಲ್ಲರು. ಅದಕ್ಕೆ ಬೇಕಾದ ವಿಜ್ಞಾನವೆಲ್ಲ ಪಠ್ಯಪುಸ್ತಕದಲ್ಲೇ ಇದೆ.

ಕಡತದ ಕಾಲ

ಇಂದು ಸರ್ಕಾರಿ ಕಚೇರಿಯ ಫೈಲಿಗೆ 'ಕಡತ' ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆ. ಬಟ್ಟೆಗೆ ಹುಣಸೆ ಬೀಜದ ಸರಿ ಬಳಿದು, ಇದ್ದಿಲ ಪುಡಿಯಿಂದ ಕಪ್ಪು ಮಾಡಿ, ಒಣಗಿಸಿ, ಹಿಂದೆ ಮುಂದೆ ಮಡಿಸಿ ಪುಸ್ತಕದಂತೆ ಮಾಡುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುವುದು. ಕನ್ನಡ ನಾಡಿನ ವರ್ತಕರ ಲೆಕ್ಕವೆಲ್ಲ ಬಹುಕಾಲ ಇಂಥ ಕಡತಗಳಲ್ಲೇ ಇರುತ್ತಿತ್ತು. ಶೃಂಗೇರಿ ಮಠದಲ್ಲಿ ಹಳೆಯ ಕಡತಗಳು ದೊರೆತಿವೆ. ಬೇಡವಾದ ಲೆಕ್ಕವನ್ನು ಒರೆಸಿ ಮತ್ತೆ ಬರೆಯಬಹುದಾದ ಅನುಕೂಲ ಅದಕ್ಕಿತ್ತು. ಒದ್ದೆಯಾದರೆ ಬೇಕಾದ ಲೆಕ್ಕವೂ ಒರೆಸಿಹೋಗುವ ಅಪಾಯವೂ ಇತ್ತೆನ್ನಿ.

ಬೆಂಕಿಗೆ ಹೆದರದ ಲೆಕ್ಕದ ಪುಸ್ತಕವೂ ಒಂದು ಕಾಲದಲ್ಲಿತ್ತು. ಟರ್ಕಿ ದೇಶದ ಕುಲ್ತೆಪೆ ಎಂಬಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಸ್ಸೀರಿಯದ ವರ್ತಕರು ತವರ ಮತ್ತು ಬಟ್ಟೆಯ ವ್ಯಾಪಾರ ನಡೆಸುತ್ತಿದ್ದರು. ಅವರ ಸಾಲಪತ್ರ, ಒಪ್ಪಂದ, ಕಾಗದಗಳೆಲ್ಲ ಹಸಿ ಮಣ್ಣಿನ ಹಲಗೆಗಳ ಮೇಲೆ ಕೊರೆದವು. ಊರಿಗೆ ಬೆಂಕಿ ಬಿದ್ದಾಗ ಮನೆಗಳು ಉರಿದವು, ಮಣ್ಣಿನ ಹಲಗೆಗಳು ಮಾತ್ರ ಇಟ್ಟಿಗೆಯಂತೆ ಬೆಂದು ಮತ್ತಷ್ಟು ಗಟ್ಟಿಯಾದವು. ಉತ್ಖನನದಲ್ಲಿ 20 ಸಾವಿರಕ್ಕೂ ಹೆಚ್ಚು ಹಲಗೆಗಳು ಸಿಕ್ಕಿವೆ. ಮುಂದೆ ಬಂದ ಕಾಗದಕ್ಕೆ ಈ ಭಾಗ್ಯವಿಲ್ಲ.

ಕಾಗದದ ಶತ್ರುಗಳು

ಕಾಗದವೆಂದರೆ ಹೆಚ್ಚಾಗಿ ಸೆಲ್ಯುಲೋಸ್, ಅಂದರೆ ಸಸ್ಯದ ನಾರು. ಸುಮಾರು 230 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದಕ್ಕೂ ಮೊದಲೇ ಕಂದಾಗಿ, ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ. ಹಲವರು ಉಕ್ಕಿನ ಬೀರುವಿನಲ್ಲಿಟ್ಟರೆ ಸುರಕ್ಷಿತ ಎಂದು ನಂಬಿದ್ದಾರೆ. ಉಕ್ಕು ಉತ್ತಮ ಉಷ್ಣವಾಹಕ. ಹೊರಗೆ ಬೆಂಕಿ ಬಿದ್ದರೆ ಬೀರು ಒಂದು ಒಲೆಯಾಗುತ್ತದೆ, ಒಳಗಿನ ಪತ್ರಗಳು ಜ್ವಾಲೆ ತಾಗದೆಯೂ ಕರಕಲಾಗುತ್ತವೆ.

ಅಗ್ನಿನಿರೋಧಕ ತಿಜೋರಿಯ ಗುಟ್ಟು ಬೇರೆ. ಅಂಥ ಹಲವು ತಿಜೋರಿಗಳ ಗೋಡೆಯ ನಡುವೆ ಜಿಪ್ಸಂನಂಥ ವಸ್ತು ತುಂಬಿರುತ್ತಾರೆ. ಜಿಪ್ಸಂನ ಪ್ರತಿ ಅಣುವಿನೊಂದಿಗೆ ಎರಡು ನೀರಿನ ಅಣುಗಳು ಸೇರಿಕೊಂಡಿವೆ ಎಂದು ವಿದ್ಯಾರ್ಥಿಗಳು ರಸಾಯನಶಾಸ್ತ್ರದಲ್ಲಿ ಓದಿರುತ್ತಾರೆ. ಇದೇ ಸ್ಫಟಿಕ ಜಲ. ಶಾಖ 100 ಡಿಗ್ರಿ ದಾಟುತ್ತಿದ್ದಂತೆ ಈ ನೀರು ಬಿಡುಗಡೆಯಾಗಿ ಆವಿಯಾಗತೊಡಗುತ್ತದೆ, ಬೆಂಕಿಯ ಶಾಖದ ದೊಡ್ಡ ಪಾಲು ಅದಕ್ಕೇ ಖರ್ಚಾಗುತ್ತದೆ. ಒಂದೋ ಎರಡೋ ಗಂಟೆ ಒಳಗಿನ ಕಾಗದ ಉಳಿದುಕೊಳ್ಳುತ್ತದೆ.

ಇಲ್ಲೊಂದು ಮಾತು ಗಮನಿಸಬೇಕು. ಕಾಗದಕ್ಕೆಂದು ಮಾಡಿದ ತಿಜೋರಿಗೆ ಅಮೆರಿಕದ ಮಾನಕ ಹೇಳುವುದು, ಒಳಗಿನ ತಾಪ 177 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂದು. ಗಣಕಯಂತ್ರದ ಡಿಸ್ಕ್‌ಗಳಿಗಾದರೆ ಅದೇ ಮಾನಕದ ಮಿತಿ ಕೇವಲ 52 ಡಿಗ್ರಿ! ಕಾಗದ ಉಳಿಯುವ ಪೆಟ್ಟಿಗೆಯಲ್ಲಿ ಸಿ.ಡಿ. ಕರಗಬಹುದು, ಪೆನ್‌ಡ್ರೈವ್ ಕೆಡಬಹುದು. ಲೆಕ್ಕವನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ ತಿಜೋರಿಯಲ್ಲಿಟ್ಟು ನಿಶ್ಚಿಂತರಾದವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಲಿ.

ನೀರಿನ ವಿಷಯಕ್ಕೆ ಬಂದರೆ ಕಾಗದಕ್ಕಿಂತ ಶಾಯಿಯದೇ ದೊಡ್ಡ ಕತೆ. ಇಂಕ್ ಪೆನ್ನಿನ ಶಾಯಿ ನೀರಿನಲ್ಲಿ ಕರಗುವ ಬಣ್ಣ. ಒದ್ದೆಯಾದೊಡನೆ ಹರಡಿಹೋಗುತ್ತದೆ. ಜೆಲ್ ಪೆನ್ನುಗಳಲ್ಲಿಯೂ, ಇಂಕ್‌ಜೆಟ್ ಮುದ್ರಕಗಳಲ್ಲಿಯೂ ಬಹಳಷ್ಟಕ್ಕೆ ಇದೇ ಗತಿ. ಬಾಲ್‌ಪೆನ್ನಿನ ಶಾಯಿ ಎಣ್ಣೆಯಂಥದು, ಹೆಚ್ಚು ತಡೆದುಕೊಳ್ಳುತ್ತದೆ. ಜೆರಾಕ್ಸ್ ಪ್ರತಿಯ ಕಪ್ಪು ಪುಡಿ ಪ್ಲಾಸ್ಟಿಕ್ಕಿನದು, ಶಾಖದಿಂದ ಕಾಗದಕ್ಕೆ ಅಂಟಿದ್ದು. ನೆರೆಯಲ್ಲಿ ನೆಂದ ಪುಸ್ತಕದಲ್ಲಿ ಕೈಬರಹವೆಲ್ಲ ಅಳಿಸಿ, ನಡುವೆ ಇಟ್ಟ ಜೆರಾಕ್ಸ್ ಹಾಳೆ ಮಾತ್ರ ಓದಲು ಬರುವುದು ಇದರಿಂದಲೇ.

ನೆರೆಯೂ ಬೇಡ, ಬೆಂಕಿಯೂ ಬೇಡ, ತಾನಾಗಿಯೇ ಅಳಿಯುವ ಕಾಗದವೊಂದಿದೆ. ಪೆಟ್ರೋಲ್ ಬಂಕ್, ಔಷಧಿ ಅಂಗಡಿ, ಎಟಿಎಂಗಳಲ್ಲಿ ಕೊಡುವ ನುಣುಪಾದ ಬಿಲ್ಲು. ಇದರ ಮುದ್ರಣಕ್ಕೆ ಶಾಯಿಯೇ ಇಲ್ಲ. ಕಾಗದದ ಮೇಲೆ ಬಳಿದಿರುವ ಎರಡು ರಾಸಾಯನಿಕಗಳು ಶಾಖ ತಾಗಿದಲ್ಲಿ ಬೆರೆತು ಕಪ್ಪಾಗುತ್ತವೆ. ಇಂಥ ಬಿಲ್ಲಿನ ಮೇಲೆ ಬಿಸಿ ಚಹಾದ ಸ್ಟೀಲ್ ಲೋಟ ಇಟ್ಟು ನೋಡಿ, ಕಪ್ಪು ಬಳೆ ಮೂಡೀತು. ಬಿಸಿಲು, ಎಣ್ಣೆ ಕೈ, ಪ್ಲಾಸ್ಟಿಕ್ ಚೀಲದ ಸಂಪರ್ಕದಿಂದ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಸುಕಾಗುವುದೂ ಉಂಟು. ಆದರೆ ಜಿಎಸ್‌ಟಿ ಕಾನೂನಿನ ಪ್ರಕಾರ ನೋಂದಾಯಿತ ವ್ಯಾಪಾರಿ ತನ್ನ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2024-25ನೇ ಸಾಲಿನ ವಾರ್ಷಿಕ ವಿವರಕ್ಕೆ ನಿಯಮದ ಪ್ರಕಾರ ಕಡೆಯ ದಿನ 2025ರ ಡಿಸೆಂಬರ್ 31. ಹಾಗಾಗಿ ಆ ಸಾಲಿನ ಬಿಲ್ಲು 2031ರ ಡಿಸೆಂಬರ್ ಕೊನೆಯವರೆಗೆ ಇರಬೇಕಾಯಿತು. ಬಿಲ್ಲಿನ ಆಯುಷ್ಯಕ್ಕೂ ಕಾನೂನಿನ ಅವಧಿಗೂ ತಾಳೆಯೇ ಇಲ್ಲ. ಮಲೆನಾಡಿನವರಿಗೆ ಗೆದ್ದಲಿನ ಬಗ್ಗೆ ಬೇರೆ ಹೇಳಬೇಕಿಲ್ಲ.

ಪುಟವೊಂದು ಅಂಕಿಯಾದಾಗ

ಹಾಗಾದರೆ ಪರಿಹಾರವೇನು? ಪ್ರತಿಯೊಂದು ಬಿಲ್ಲನ್ನೂ ಅದು ಕೈಗೆ ಬಂದ ದಿನವೇ ಚಿತ್ರವಾಗಿಸಿ ಅಂಕಿಗಳ ರೂಪದಲ್ಲಿ ಇಟ್ಟುಕೊಳ್ಳುವುದು. ಇದಕ್ಕೆ ಎಷ್ಟು ಜಾಗ ಬೇಕಾದೀತು? ಲೆಕ್ಕ ಹಾಕೋಣ. ಎ4 ಅಳತೆಯ ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 2480, ಉದ್ದಕ್ಕೆ 3508 ಚುಕ್ಕೆಗಳು. ಗುಣಿಸಿದರೆ ಸುಮಾರು 87 ಲಕ್ಷ. ಪ್ರತಿ ಚುಕ್ಕೆಯೂ ಕಪ್ಪು ಅಥವಾ ಬಿಳಿ, ಅಂದರೆ 1 ಅಥವಾ 0. ಎಂಟು ಚುಕ್ಕೆಗೆ ಒಂದು ಬೈಟ್‌ನಂತೆ ಸುಮಾರು 11 ಲಕ್ಷ ಬೈಟ್, ಹೆಚ್ಚುಕಡಿಮೆ ಒಂದು ಮೆಗಾಬೈಟ್. ಹಾಳೆಯ ಬಹುಭಾಗ ಖಾಲಿ ಬಿಳುಪು. 'ಇಲ್ಲಿಂದ ಇಲ್ಲಿಯವರೆಗೆ ಬಿಳಿ' ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಗಾತ್ರ ಇನ್ನೂ ಬಹಳ ಇಳಿಯುತ್ತದೆ. ಸಂಕೋಚನ ಎನ್ನುವುದು ಇದಕ್ಕೇ.

ಬಣ್ಣದ ಚಿತ್ರವೆಂದುಕೊಂಡು ಧಾರಾಳವಾಗಿ ಪುಟಕ್ಕೆ ಅರ್ಧ ಮೆಗಾಬೈಟ್ ಇಡೋಣ. ದಿನಕ್ಕೆ 30 ಬಿಲ್ಲು, ವರ್ಷಕ್ಕೆ 300 ದಿನ ಎಂದರೆ 9000 ಪುಟ, ನಾಲ್ಕೂವರೆ ಗಿಗಾಬೈಟ್. ಎಂಟು ವರ್ಷಕ್ಕೆ 36 ಗಿಗಾಬೈಟ್. ಕಾಗದದಲ್ಲಿ ಇದು 72 ಸಾವಿರ ಹಾಳೆ, ಬೀರುವಿನ ತುಂಬ ರಾಶಿ. ಅಂಕಿಯಾದಾಗ 64 ಗಿಗಾಬೈಟಿನ ಒಂದು ಮೆಮೊರಿ ಕಾರ್ಡಿನಲ್ಲಿ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಆ ಕಾರ್ಡಿನ ಗಾತ್ರ ಹೆಚ್ಚುಕಡಿಮೆ ಒಂದು ಹುಣಸೆ ಬೀಜದಷ್ಟು!

ದೊಡ್ಡ ಪ್ರಮಾಣದಲ್ಲಿ ಇಂಥ ಕೆಲಸ ನಡೆದ ಮಾದರಿ ನಮ್ಮ ರಾಜ್ಯದಲ್ಲೇ ಇದೆ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ಸಣ್ಣ ಅಂಗಡಿಗಳ ಲೆಕ್ಕವೂ ಈಗ ಬಹಳ ಕಡೆ ಕಂಪ್ಯೂಟರಿನಲ್ಲೇ ಇದೆ. ದೇಶದುದ್ದಕ್ಕೂ ಅಂಗಡಿಗಳಲ್ಲಿ ಕಾಣುವ 'ಟ್ಯಾಲಿ' ತಂತ್ರಾಂಶ ಬೆಂಗಳೂರಿನ ಕಂಪನಿಯದು ಎಂಬುದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ.

ಕಾಗದ ಬಿಟ್ಟರೂ ಕಷ್ಟ ಬಿಡದು

ಇಷ್ಟಾದರೆ ಸಾಲದು. ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದ ಮಾತ್ರಕ್ಕೆ ಅದು ಆಪತ್ತಿನಿಂದ ಪಾರಾಗುವುದಿಲ್ಲ. ಕಾಗದವಾದರೆ ಹತ್ತು ಪುಟ ಹರಿದರೂ ತೊಂಬತ್ತು ಪುಟ ಉಳಿಯುತ್ತವೆ. ಡಿಸ್ಕ್ ಕೆಟ್ಟರೆ ಎಂಟು ವರ್ಷದ ಲೆಕ್ಕ ಒಂದೇ ಕ್ಷಣದಲ್ಲಿ ಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ಮಾಹಿತಿ ಉಳಿದಿರುವುದು ಅತಿ ಸಣ್ಣ ಕೋಶಗಳಲ್ಲಿ ಬಂಧಿಯಾದ ಇಲೆಕ್ಟ್ರಾನುಗಳಿಂದ. ವರ್ಷಗಟ್ಟಲೆ ಬಳಸದೆ ಇಟ್ಟರೆ, ಅದರಲ್ಲೂ ಸೆಕೆಯ ಜಾಗದಲ್ಲಿಟ್ಟರೆ, ಅವು ಮೆಲ್ಲಗೆ ಸೋರಿಹೋಗುತ್ತವೆ.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕಂಪನಿಯ ಐದಂತಸ್ತಿನ ದತ್ತಾಂಶ ಕೇಂದ್ರವೊಂದು ಪೂರ್ತಿ ಸುಟ್ಟುಹೋಯಿತು. ಸಾವಿರಾರು ಉದ್ಯಮಗಳ ದಾಖಲೆಗಳು ಅಲ್ಲಿದ್ದವು. ಬೇರೆ ಊರಿನಲ್ಲಿ ಪ್ರತಿ ಇಟ್ಟುಕೊಂಡಿದ್ದವರು ಪಾರಾದರು. ಉಳಿದವರಲ್ಲಿ ಹಲವರಿಗೆ ಏನೂ ಸಿಗಲಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದಲ್ಲಿ ಸರ್ಕಾರದ್ದೇ ಗಣಕ ಕೇಂದ್ರಕ್ಕೆ ಲಿಥಿಯಂ ಬ್ಯಾಟರಿಯಿಂದ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇಡುತ್ತಿದ್ದ ಸಂಗ್ರಹದ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಅದಕ್ಕೆ ಬೇರೆಡೆ ಪ್ರತಿಯೇ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶದ ಸರ್ಕಾರಕ್ಕೇ ಹೀಗಾದ ಮೇಲೆ, 'ಎಲ್ಲಾ ಕಂಪ್ಯೂಟರಿನಲ್ಲಿದೆ, ಚಿಂತೆಯಿಲ್ಲ' ಎನ್ನುವ ಮಾತಿಗೆ ಏನು ಬೆಲೆ?

ಇಲ್ಲಿ ನೆರವಿಗೆ ಬರುವುದು ಸಂಭವನೀಯತೆಯ ಗಣಿತ. ಒಂದು ಪ್ರತಿ ಹತ್ತು ವರ್ಷದಲ್ಲಿ ಹಾಳಾಗುವ ಸಂಭವ ಹತ್ತರಲ್ಲಿ ಒಂದು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಎರಡು ಪ್ರತಿಗಳಿದ್ದರೆ ಎರಡೂ ಹೋಗುವ ಸಂಭವ ನೂರರಲ್ಲಿ ಒಂದು. ಮೂರಿದ್ದರೆ ಸಾವಿರದಲ್ಲಿ ಒಂದು. ಆದರೆ ಈ ಗುಣಾಕಾರಕ್ಕೆ ಒಂದು ನಿಬಂಧನೆಯಿದೆ ಎಂದು ಗಣಿತದ ಮೇಷ್ಟ್ರು ಹೇಳಿರುತ್ತಾರೆ: ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕು. ಮೂರು ಪ್ರತಿಗಳೂ ಒಂದೇ ಅಂಗಡಿಯ ಒಂದೇ ಖಾನೆಯಲ್ಲಿದ್ದರೆ ನೆರೆಯ ಮಟ್ಟಿಗೆ ಅವು ಮೂರಲ್ಲ, ಒಂದೇ. ಬಹಳ ಅಂಗಡಿಗಳಲ್ಲಿ ಲೆಕ್ಕದ ಬ್ಯಾಕಪ್ಪನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಈ ಎರಡೂ ಒಂದೇ ಡಿಸ್ಕಿನ ಎರಡು ಭಾಗಗಳು. ಬಲಜೇಬಿನ ದುಡ್ಡನ್ನು ಎಡಜೇಬಿಗೆ ಹಾಕಿಕೊಂಡ ಹಾಗೆ, ಅಂಗಿಯೇ ಕಳುವಾದರೆ?

ಛಾಯಾಗ್ರಾಹಕ ಪೀಟರ್ ಕ್ರೋ ಎಂಬವರು ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರ ಇದಕ್ಕೆ ಸರಿಯಾದ ಉತ್ತರ. ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿ. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು, ಮನೆಯಲ್ಲಿರುವ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಅಂತರಜಾಲದ ಸಂಗ್ರಹದಲ್ಲಿ ಒಂದು. ಅಂತರಜಾಲ ಬೇಡವೆನ್ನುವವರು ತಿಂಗಳಿಗೊಮ್ಮೆ ಒಂದು ಡಿಸ್ಕನ್ನು ಬೇರೆ ಊರಿನಲ್ಲಿರುವ ತಮ್ಮನಿಗೋ ಭಾವನಿಗೋ ಕೊಟ್ಟು ಹಳೆಯದನ್ನು ತಂದರೂ ಆದೀತು. ನದಿ ದಂಡೆಯ ಊರಿನವರು ಎತ್ತರದ ಊರನ್ನು ಆರಿಸಿಕೊಳ್ಳಲಿ, ಅದೇ ನದಿಯ ಕೆಳಗಿನ ಊರನ್ನಲ್ಲ.

ಹೊರಗಿನ ಡಿಸ್ಕನ್ನು ಕೆಲಸ ಮುಗಿದೊಡನೆ ಬಿಚ್ಚಿಡಬೇಕು. 2017ರ ಮೇ ತಿಂಗಳಲ್ಲಿ 'ವಾನ್ನಾಕ್ರೈ' ಎಂಬ ದುಷ್ಟ ತಂತ್ರಾಂಶ ಜಗತ್ತಿನ ಲಕ್ಷಾಂತರ ಗಣಕಗಳಿಗೆ ನುಗ್ಗಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥವು ಗಣಕಕ್ಕೆ ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಅಂತರಜಾಲದ ಸಂಗ್ರಹವೂ ಕನ್ನಡಿಯಂತೆ ವರ್ತಿಸುವುದುಂಟು. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

ಮನೆಯ ಮಕ್ಕಳು ಏನು ಮಾಡಬಹುದು

ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲ್ ಫೋನ್ ಸಾಕು. ಬಿಲ್ಲನ್ನು ಬೆಳಕಿರುವ ಕಡೆ ಚಪ್ಪಟೆಯಾಗಿ ಇಟ್ಟು, ನೇರ ಮೇಲಿನಿಂದ ಚಿತ್ರ ತೆಗೆಯಬೇಕು. ತೆಗೆದ ಕೂಡಲೇ ದೊಡ್ಡದು ಮಾಡಿ ಅಂಕಿಗಳು ಓದಲು ಬರುತ್ತವೆಯೇ ನೋಡಬೇಕು. ಹೆಸರು ಕೊಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಕೊನೆಗೆ ಅಂಗಡಿಯ ಹೆಸರು. ಹೀಗೆ ಬರೆದರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನ ಮೊದಲು ಬರೆದರೆ ಜನವರಿ ಒಂದು, ಫೆಬ್ರವರಿ ಒಂದು, ಮಾರ್ಚ್ ಒಂದು ಎಲ್ಲ ಒಂದೇ ಕಡೆ ಸೇರಿ ಗೊಂದಲ. ಮೂರು ತಿಂಗಳಿಗೊಮ್ಮೆ, ಮನಸ್ಸಿಗೆ ಬಂದ ಒಂದು ತಾರೀಖಿನ ಬಿಲ್ಲನ್ನು ಆ ದೂರದ ಪ್ರತಿಯಿಂದ ಹುಡುಕಿ ತೆಗೆದು ತೋರಿಸಲು ಅಪ್ಪ ಮಗಳಿಗೆ ಹೇಳಬೇಕು. ಸಿಗದಿದ್ದರೆ ಅದು ಬ್ಯಾಕಪ್ ಅಲ್ಲ. ಪಾಸ್‌ವರ್ಡ್ ಮನೆಯ ಇನ್ನೊಬ್ಬರಿಗೂ ಗೊತ್ತಿರಬೇಕು, ಲಕೋಟೆಯಲ್ಲಿ ಬರೆದಿಟ್ಟರೂ ಸರಿ.

ಜಿಎಸ್‌ಟಿ ನಿಯಮಗಳಲ್ಲಿ 57ನೆಯದು ಇದನ್ನೇ ಹೇಳುತ್ತದೆ. ವಿದ್ಯುನ್ಮಾನ ಲೆಕ್ಕ ಇಡುವವರು, ಅಪಘಾತ ಅಥವಾ ಪ್ರಕೃತಿ ವಿಕೋಪದಲ್ಲಿ ಅದು ನಾಶವಾದರೂ ಸಮಂಜಸ ಅವಧಿಯೊಳಗೆ ಮರಳಿ ಪಡೆಯುವಂತೆ ಪ್ರತಿ ಇಟ್ಟಿರಬೇಕು. ಓದಿದವರು ಕಡಿಮೆ ಅಷ್ಟೆ.

ಹಾಗೆಂದು ಮೂಲ ಕಾಗದವನ್ನೆಲ್ಲ ರದ್ದಿಗೆ ಹಾಕಿಬಿಡುವಂತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆಯಾದರೂ ಉಯಿಲಿನಂಥವನ್ನು ಅದರಿಂದ ಹೊರಗಿಟ್ಟಿದೆ. ನೋಂದಣಿಯಾದ ಕ್ರಯಪತ್ರ, ಛಾಪಾ ಕಾಗದದ ಕರಾರುಗಳ ಮೂಲಪ್ರತಿ ಭದ್ರವಾಗಿರಲೇಬೇಕು. ನ್ಯಾಯಾಲಯದ ಮುಂದೆ ವಿದ್ಯುನ್ಮಾನ ದಾಖಲೆ ಹಾಜರುಪಡಿಸುವಾಗ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಆ ಕಡತದ 'ಹ್ಯಾಶ್' ಮೌಲ್ಯವೂ ಇರುತ್ತದೆ. ಇದು ಕಡತದ ಬೆರಳಚ್ಚು ಇದ್ದಂತೆ. ಬಿಲ್ಲಿನ ಚಿತ್ರದಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ.

2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಡಿಜಿಲಾಕರ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಇಲಾಖೆಯೇ ನೇರವಾಗಿ ಅದರೊಳಗೆ ಹಾಕಿದ ಚಾಲನಾ ಪರವಾನಗಿಯಂಥ ದಾಖಲೆ ಮೂಲಪ್ರತಿಗೆ ಸಮಾನ. ನಾವೇ ಸ್ಕ್ಯಾನ್ ಮಾಡಿ ಸೇರಿಸಿದ್ದು ಹಾಗಲ್ಲ, ಅದು ಬರೀ ನಕಲು. ಮಕ್ಕಳ ಅಂಕಪಟ್ಟಿ ಯಾವ ವಿಭಾಗದಲ್ಲಿದೆ ಎಂದು ತಂದೆ ತಾಯಂದಿರು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಒದ್ದೆಯಾಗಿಯೇ ಹೋದರೆ

ಪ್ರತಿಯಿಲ್ಲದ ಪುಸ್ತಕ ನೆಂದುಹೋದರೂ ಕೈಬಿಡಬೇಕಿಲ್ಲ. ಒದ್ದೆ ಕಾಗದಕ್ಕೆ ಎರಡು ಮೂರು ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಆ ಮೊದಲ ದಿನಗಳೇ ಮುಖ್ಯ. ಒತ್ತಾಯದಿಂದ ಪುಟ ಬಿಡಿಸಬಾರದು, ಹರಿಯುತ್ತವೆ. ಸ್ವಲ್ಪವೇ ನೆಂದದ್ದಾದರೆ ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ, ಪುಟಗಳ ನಡುವೆ ಬಿಳಿ ಕಾಗದ ಇಟ್ಟು ಬದಲಿಸುತ್ತ ಒಣಗಿಸಬೇಕು. ಬಹಳ ಪುಸ್ತಕಗಳಿದ್ದು ಸಮಯ ಸಾಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಹಿಮಪೆಟ್ಟಿಗೆಯಲ್ಲಿಟ್ಟುಬಿಡಬಹುದು. ಹೆಪ್ಪುಗಟ್ಟಿದಲ್ಲಿ ಬೂಸ್ಟು ಬೆಳೆಯದು, ಶಾಯಿ ಹರಡದು. ಪರಿಣತರಿಗೆ ತೋರಿಸುವವರೆಗೆ ಕಾಲಾವಕಾಶ ಸಿಗುತ್ತದೆ.

ಬೆಂಕಿ ನಂದಿಸಿದ ನೀರಿನಿಂದಲೇ ಕಾಗದ ಹಾಳಾಗುವುದೂ ಸಾಮಾನ್ಯ. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್ ಬಳಿ ಸೈನಿಕರ ಸೇವಾ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು 160 ಲಕ್ಷಕ್ಕೂ ಹೆಚ್ಚು ಕಡತಗಳು ಸುಟ್ಟುಹೋದವು. ಉಳಿದವು ನೀರಿನಲ್ಲಿ ತೊಯ್ದಿದ್ದವು. ಅವನ್ನು ವಿಮಾನ ತಯಾರಿಸುವ ಕಂಪನಿಯೊಂದರ ನಿರ್ವಾತ ಕೋಣೆಗೆ ಒಯ್ದು ಒಣಗಿಸಲಾಯಿತು. ಒತ್ತಡ ಬಹಳ ಕಡಿಮೆಯಾದಾಗ ನೀರು ಬಿಸಿಯಿಲ್ಲದೆಯೇ ಆವಿಯಾಗುತ್ತದೆ ಎಂಬುದು ಭೌತಶಾಸ್ತ್ರದ ಪಾಠ. ಅಂಥ ಕೋಣೆ ಊರೂರಲ್ಲಿ ಇರುವುದಿಲ್ಲ. ಆದರೆ ಕಾಣೆಯಾದ ಖರೀದಿ ಬಿಲ್ಲುಗಳನ್ನು ಮರಳಿ ಕೂಡಿಸುವ ದಾರಿಗಳಿವೆ. ಸರಬರಾಜುದಾರರು ಸಲ್ಲಿಸಿದ ಬಿಲ್ಲುಗಳ ವಿವರ ಜಿಎಸ್‌ಟಿ ಜಾಲತಾಣದ ಖಾತೆಯಲ್ಲಿ ಸಿಗುತ್ತದೆ, ಬ್ಯಾಂಕಿನಿಂದ ಪಾವತಿಯ ವಿವರ ದೊರೆಯುತ್ತದೆ, ಸಗಟು ವ್ಯಾಪಾರಿಯನ್ನು ಕೇಳಿದರೆ ಬಿಲ್ಲಿನ ನಕಲು ಕೊಡುತ್ತಾರೆ. ಉದ್ರಿ ಲೆಕ್ಕಕ್ಕೆ ಮಾತ್ರ ಇಂಥ ಇನ್ನೊಂದು ಮೂಲವಿಲ್ಲ. ಫೋನಿನಲ್ಲಿ ಚಿತ್ರ ತೆಗೆಯುವ ಕೆಲಸವನ್ನು ಆ ಪುಸ್ತಕದಿಂದಲೇ ಶುರು ಮಾಡಬಹುದು, ದಿನಕ್ಕೆ ಎರಡು ನಿಮಿಷದ ಕೆಲಸ.